ಕೀಲುನೋವು: ಮಾತ್ರೆಯ ಜೊತೆಗೆ ತಿಳುವಳಿಕೆಯೂ ಬೇಕು



ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರುವ ಹೊತ್ತಿಗೆ ಬೆಂಚಿನ ಅಂಚು ಹಿಡಿದು ಕುಳಿತೇ ಇರುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. "ವಯಸ್ಸಾಯಿತಲ್ಲ, ವಾಯು" ಎಂದು ರೋಗದ ಹೆಸರನ್ನೂ ನಾವೇ ಹೇಳಿಬಿಡುತ್ತೇವೆ. ಆದರೆ ಎಲ್ಲ ಕೀಲುನೋವೂ ಒಂದೇ ಅಲ್ಲ. ಮಂಡಿ ಸವೆದು ಬರುವ ನೋವು ಹೆಚ್ಚಾಗಿ ವಯಸ್ಸಾದವರದ್ದು. ರುಮಟಾಯ್ಡ್ ಸಂಧಿವಾತವೆಂಬುದು ಬೇರೆಯೇ ರೋಗ. ಅದರಲ್ಲಿ ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಇದು ಮೂವತ್ತು, ನಲವತ್ತರ ತಾಯಂದಿರಿಗೂ ಬರಬಹುದು. ಬೆಳಿಗ್ಗೆ ಬೆರಳುಗಳು ಊದಿಕೊಂಡು, ಎದ್ದು ಗಂಟೆಯಾದರೂ ಮುಷ್ಟಿ ಕಟ್ಟಲು ಬಾರದಿದ್ದರೆ, ಎಣ್ಣೆ ತಿಕ್ಕುತ್ತಾ ತಿಂಗಳುಗಟ್ಟಲೆ ಕೂರಬಾರದು. ಒಮ್ಮೆ ಹಾಳಾದ ಕೀಲು ಮೊದಲಿನಂತಾಗುವುದಿಲ್ಲ.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಅವರು ಇಂಥ ರೋಗಿಯೊಬ್ಬರಿಗೆ ಕಾರ್ಟಿಸೋನ್ ಚುಚ್ಚುಮದ್ದು ಕೊಟ್ಟಾಗ, ಕೆಲವೇ ದಿನಗಳಲ್ಲಿ ಅವರು ಎದ್ದು ಓಡಾಡಿದರು. 1950ರಲ್ಲಿ ಹೆಂಚ್ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಹೆಚ್ಚು ದಿನ ತೆಗೆದುಕೊಂಡವರ ಮುಖ ಊದಿತು, ಮೂಳೆ ಟೊಳ್ಳಾಯಿತು. ಹೆಸರಿಲ್ಲದ ಪೊಟ್ಟಣದ ಪುಡಿಯಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ನಾವು ಅನುಮಾನಪಡಬೇಕಾದದ್ದು ಇದಕ್ಕೇ. ಅದರಲ್ಲಿ ಇದೇ ಜಾತಿಯ ಸ್ಟೀರಾಯ್ಡ್ ಬೆರೆಸಿರಬಹುದು.

ಒಳ್ಳೆಯ ಔಷಧಿ ಸಿಕ್ಕರೂ ಈ ರೋಗ ವರ್ಷಗಟ್ಟಲೆ ಜೊತೆಗಿರುತ್ತದೆ. ವೈದ್ಯರು ನಮ್ಮನ್ನು ನೋಡುವುದು ಹತ್ತು ನಿಮಿಷ, ಉಳಿದ ದಿನಗಳೆಲ್ಲ ನಮ್ಮವೇ. ಹಾಗಾದರೆ ರೋಗಿಗೇ ಕಲಿಸಿದರೇನು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಎಂಬವರು 1970ರ ದಶಕದ ಕೊನೆಯಲ್ಲಿ ಈ ಕೆಲಸಕ್ಕೆ ಕೈಹಾಕಿದರು. ವಾರಕ್ಕೆ ಎರಡು ಗಂಟೆಯಂತೆ ಆರು ವಾರದ ತರಗತಿ. ಕಲಿಸುವವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯರು. ಅವರಲ್ಲಿ ಅನೇಕರು ತಾವೇ ಕೀಲುನೋವು ಉಂಡವರು. 1993ರಲ್ಲಿ ಪ್ರಕಟವಾದ ವರದಿಯಂತೆ, ನಾಲ್ಕು ವರ್ಷಗಳ ನಂತರ ಕಲಿತವರ ನೋವು ಸರಾಸರಿ ಶೇ. 20ರಷ್ಟು, ವೈದ್ಯರ ಬಳಿ ಹೋಗುವುದು ಶೇ. 40ರಷ್ಟು ಕಡಿಮೆಯಾಗಿತ್ತು. ಅಂಗಗಳ ದೌರ್ಬಲ್ಯ ಮಾತ್ರ ಶೇ. 9ರಷ್ಟು ಹೆಚ್ಚಿತ್ತು. ಅಂದರೆ ರೋಗ ನಿಂತಿರಲಿಲ್ಲ! ವ್ಯಾಯಾಮದಿಂದಲೇ ಗುಣವಾಗಿದೆಯೆಂದುಕೊಂಡಿದ್ದ ಸಂಶೋಧಕರಿಗೆ ಆ ಲೆಕ್ಕ ಕೂಡಲಿಲ್ಲ. "ಇದನ್ನು ನಾನು ನಿಭಾಯಿಸಬಲ್ಲೆ" ಎಂಬ ಧೈರ್ಯ ಬಂದವರಿಗೇ ಹೆಚ್ಚು ಲಾಭವಾಗಿತ್ತು.

ಎಲ್ಲ ಕಡೆಯೂ ಹೀಗೇ ಆಯಿತೆಂದಲ್ಲ. ಮಂಡಿ, ಸೊಂಟದ ಸವೆತವಿರುವ 812 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನೋವು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಆತಂಕ ತಗ್ಗಿತು, ಧೈರ್ಯ ಹೆಚ್ಚಿತು. ಹಗಲಿರುಳು ನೋವಿನೊಡನೆ ಬಾಳುವವರಿಗೆ ಅದೂ ಸಣ್ಣದಲ್ಲವೆಂದು ನಮ್ಮ ಎಣಿಕೆ.

ಒಂದು ವಿಷಯದಲ್ಲಂತೂ ತಿಳುವಳಿಕೆಯೇ ಜೀವ ಉಳಿಸುತ್ತದೆ. ರುಮಟಾಯ್ಡ್ ಸಂಧಿವಾತಕ್ಕೆ ಇಂದು ಸಾಮಾನ್ಯವಾಗಿ ಮೊದಲು ಕೊಡುವ ಮಾತ್ರೆ ಮೆಥೋಟ್ರೆಕ್ಸೇಟ್. ಅದನ್ನು ನುಂಗಬೇಕಾದದ್ದು ವಾರಕ್ಕೊಂದೇ ದಿನ. ಬಿಪಿ ಮಾತ್ರೆಯಂತೆ ದಿನವೂ ನುಂಗಿ, ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣ ಕಳೆದುಕೊಂಡವರಿದ್ದಾರೆ. ಮನೆಯಲ್ಲಿ ಯಾರಿಗಾದರೂ ಈ ಮಾತ್ರೆಯಿದ್ದರೆ, ಯಾವ ವಾರವೆಂದು ವೈದ್ಯರನ್ನು ಕೇಳಿ ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳೋಣ, ಗೋಡೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕೋಣ. ಕನ್ನಡಕವಿಲ್ಲದೆ ಓದಲಾಗದ ಅಜ್ಜಿಗೆ ಆ ದಿನ ಮೊಮ್ಮಕ್ಕಳೇ ಮಾತ್ರೆ ಎಣಿಸಿ ಕೊಡಲಿ.