ಕೆರೆಗೋಡಿನೊಳಗಿನ ಪ್ಲಾಸ್ಟಿಕ್

ತುರುವೇಕೆರೆಯ ಪೇಟೆಬೀದಿಯಿಂದ ಇಳಿಜಾರು ಹಿಡಿದು ಹೊರಟರೆ ಮಳೆನೀರಿನ ದಾರಿಯೇ ನಮಗೂ ದಾರಿ. ಅಂಗಡಿಗಳ ಮುಂದಿನ ಚರಂಡಿ ಹಳ್ಳ ಸೇರುತ್ತದೆ, ಹಳ್ಳ ಕೆರೆ ಸೇರುತ್ತದೆ. ಈ ಊರಿಗೆ ಬರುವವರು ಹೊಯ್ಸಳರ ಕಾಲದ ಮೂಲೆ ಶಂಕರೇಶ್ವರ, ಚೆನ್ನಕೇಶವ ಗುಡಿಗಳನ್ನು ನೋಡಿ ಹಿಂದಿರುಗುತ್ತಾರೆ. ನಾನು ಹೊರಟದ್ದು ಹಳ್ಳದ ಜಾಡು ಹಿಡಿದು. ಸಮುದ್ರದ ಪ್ಲಾಸ್ಟಿಕ್ ಬಗ್ಗೆ ಓದುವಾಗಲೆಲ್ಲ ಈ ತೆಂಗಿನ ಸೀಮೆಗೂ ಅದಕ್ಕೂ ಏನು ನಂಟು ಎಂಬ ಪ್ರಶ್ನೆ ಕಾಡುತ್ತಿತ್ತು.

ಬೇಸಿಗೆ. ಹಳ್ಳದಲ್ಲಿ ನೀರಿಲ್ಲ. ಜಾಲಿ, ಲಂಟಾನದ ಬುಡಗಳಲ್ಲಿ ಹೋದ ಮಳೆಗಾಲ ತಂದಿಟ್ಟದ್ದೆಲ್ಲ ಸಿಕ್ಕಿಕೊಂಡಿದೆ: ಗುಟ್ಕಾ ಪೊಟ್ಟಣ, ಶಾಂಪೂ ಸ್ಯಾಶೆ, ಕತ್ತರಿಸಿ ಬಿಸಾಡಿದ ಹಾಲಿನ ಕವರಿನ ಮೂಲೆ, ಎಳನೀರಿನ ಸ್ಟ್ರಾ. ತೋಟಗಳ ಕಡೆಯಿಂದ ಬಂದದ್ದು ಬೇರೆ ಬಗೆಯದು. ಬಿಸಿಲಿಗೆ ಪುಡಿಪುಡಿಯಾದ ಗೊಬ್ಬರದ ಚೀಲ, ಹನಿ ನೀರಾವರಿಯ ಪೈಪಿನ ತುಂಡು, ನೈಲಾನ್ ಹಗ್ಗದ ಎಳೆ. ನಾರಿನ ಹಗ್ಗಕ್ಕೆ ಹೆಸರಾದ ಸೀಮೆಯಲ್ಲೇ ದನ ಕಟ್ಟಲು ನೈಲಾನ್ ಹಗ್ಗ ಬಂದು ಕೂತಿದೆ.

ಇಲ್ಲಿಂದ ನೀರು ಎಲ್ಲಿಗೆ? ತುರುವೇಕೆರೆ ತಾಲ್ಲೂಕಿನ ಕೆರೆಗಳ ಕೋಡಿನೀರು ಶಿಂಷಾ ನದಿಯ ಪಾಲು. ಶಿಂಷೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬರುತ್ತಾಳೆ. ತುಂಬಿದಾಗ ತಾನಾಗಿ ನೀರು ಬಿಡುವ ಸೈಫನ್‌ಗಳಿಗೆ ಹೆಸರಾದ ಅಣೆಕಟ್ಟೆ ಅದು. ಅಲ್ಲಿಂದ ಮದ್ದೂರು, ಮಳವಳ್ಳಿ ದಾಟಿ ಶಿವನಸಮುದ್ರದ ಬಳಿ ಕಾವೇರಿ. ಕಾವೇರಿಯ ಕೊನೆ ಪೂಂಪುಹಾರಿನ ಕಡಲು. 2021ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರ ಅಂದಾಜಿನಂತೆ, ಜಗತ್ತಿನ ನದಿಗಳು ವರ್ಷಕ್ಕೆ 8 ಲಕ್ಷದಿಂದ 27 ಲಕ್ಷ ಟನ್ ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಒಯ್ಯುತ್ತವೆ. ಅದರ ಶೇ 80ರಷ್ಟು ಒಂದು ಸಾವಿರಕ್ಕೂ ಹೆಚ್ಚು ನದಿಗಳಿಂದ ಬರುತ್ತದೆ. ಪಟ್ಟಣಗಳ ನಡುವೆ ಹರಿಯುವ ಸಣ್ಣ ನದಿಗಳ ಪಾಲು ಅದರಲ್ಲಿ ಬಹಳ ದೊಡ್ಡದು.

ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತದೆ. ಕಡಲಿನಿಂದ ದೂರವಾದಷ್ಟೂ ಕಸ ಕಡಲು ಮುಟ್ಟುವ ಸಾಧ್ಯತೆ ಕಡಿಮೆ. ಹೆಚ್ಚಿನದು ದಾರಿಯಲ್ಲೇ ಉಳಿಯುತ್ತದೆ. ಸಮಾಧಾನ ಪಡುವಂಥ ಮಾತು ಇದಲ್ಲ ಎಂದು ಕೆರೆಯಂಗಳಕ್ಕೆ ಇಳಿದಾಗ ಗೊತ್ತಾಗುತ್ತದೆ.

ನೀರು ಹಿಂದೆ ಸರಿದ ಅಂಗಳದಲ್ಲಿ ಗೋಡು ತೆಗೆಯುತ್ತಾರೆ. ಕಪ್ಪನೆಯ, ತೇವ ಹಿಡಿದಿಡುವ ಈ ಮಣ್ಣನ್ನು ಬೇಸಿಗೆಯಲ್ಲಿ ತೋಟಕ್ಕೆ ಹೊಡೆಸುವುದು ಇಲ್ಲಿಯ ರೈತರ ಹಳೆಯ ರೂಢಿ. ಅಗೆದ ಕಡೆ ಬಗ್ಗಿ ನೋಡಿದರೆ ಹೂಳಿನ ನಡುವೆ ಕವರುಗಳು ಮಡಿಚಿಕೊಂಡು ಕೂತಿವೆ. ಅವೂ ಗೋಡಿನ ಜೊತೆ ಟ್ರ್ಯಾಕ್ಟರ್ ಹತ್ತುತ್ತವೆ. ತೆಂಗಿನ ಬೇರು ಅಗಲಕ್ಕೆ ಹರಡುವಂಥದ್ದು. ಗೋಡು ಬೀಳುವುದೂ ಅದರ ಮೇಲೆಯೇ. ಕವರು ಮಣ್ಣಿನಲ್ಲಿ ನೀರು ಇಂಗಲು ಬಿಡುವುದಿಲ್ಲ, ಕೊಳೆಯುವುದೂ ಇಲ್ಲ. ಒಡೆದು 5 ಮಿಲಿಮೀಟರ್‌ಗಿಂತ ಚಿಕ್ಕ ಚೂರಾದ ಮೇಲೆ ಅದನ್ನು ಆರಿಸಿ ತೆಗೆಯುವ ಉಪಾಯ ಯಾವ ರೈತನ ಬಳಿಯೂ ಇಲ್ಲ. ಪೇಟೆ ಬಿಸಾಡಿದ್ದನ್ನು ಕೆರೆ ತೋಟಕ್ಕೆ ಹಂಚುತ್ತಿದೆ.

ಕಾನೂನಿಗೆ ಕೊರತೆಯಿಲ್ಲ. ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಗುಟ್ಕಾ, ತಂಬಾಕು ಮಾರಬಾರದೆಂದು ಅದೇ ವರ್ಷದ ಕೇಂದ್ರದ ನಿಯಮ ಹೇಳುತ್ತದೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ದೇಶಕ್ಕೆಲ್ಲ ನಿಷಿದ್ಧ. ಹಳ್ಳದಲ್ಲಿ ಕಂಡದ್ದರಲ್ಲಿ ಎರಡು ಸಾಮಾನು ಈ ಪಟ್ಟಿಯವೇ.

ಕೆಸರು ಹತ್ತಿದ ಕವರನ್ನು ಗುಜರಿಯವರು ತೂಕಕ್ಕೆ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಹಿಡಿಯುವುದಿದ್ದರೆ ಮನೆಯ ಬಾಗಿಲಲ್ಲೇ ಹಿಡಿಯಬೇಕು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಲಿನ ಪಂಚಾಯಿತಿಗಳ ಒಣಕಸವನ್ನು ಒಂದೆಡೆ ತಂದು, ದಿನಕ್ಕೆ 10 ಟನ್‌ವರೆಗೆ ವಿಂಗಡಿಸುವ ಘಟಕವಿದೆ. ಒಂದು ಪಂಚಾಯಿತಿಗೆ ಭಾರವಾದದ್ದು ಹಲವು ಸೇರಿದಾಗ ನಡೆಯುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೂ ಈ ಲೆಕ್ಕಾಚಾರ ಒಪ್ಪುತ್ತದೆ.

ಬಾಗಿಲಲ್ಲಿ ತಪ್ಪಿಸಿಕೊಂಡದ್ದನ್ನು ಹಿಡಿಯಲು ಎರಡನೆಯ ಜಾಗ ಕೆರೆಯ ಬಾಯಿ. ಚೆನ್ನೈನ ಕೂವಂ ನದಿಗೆ ಅಡ್ಡಲಾಗಿ ಬೆಂಗಳೂರಿನ ಆಲ್ಫಾಮರ್ಸ್ ಸಂಸ್ಥೆಯ ತೇಲುಬೇಲಿ ಹಾಕಿದ್ದರು. ನೀರು ಅಡಿಯಲ್ಲಿ ಹರಿಯುತ್ತದೆ, ಕಸ ದಡಕ್ಕೆ ಸರಿಯುತ್ತದೆ. ನಮ್ಮ ಹಳ್ಳಕ್ಕೆ ಅಷ್ಟು ದೊಡ್ಡದು ಬೇಡ. ನಾರಿನ ಹಗ್ಗದ ಬಲೆಯನ್ನೇ ಕಟ್ಟಿ ನೋಡಬಹುದು. ಪ್ರತಿ ಮಳೆಯ ನಂತರ ಅದನ್ನು ಬಿಡಿಸಿ ಕಸ ತೆಗೆಯಲೇಬೇಕು. ಇಲ್ಲದಿದ್ದರೆ ನೀರು ಬೀದಿಗೆ ನುಗ್ಗುತ್ತದೆ.

ಅದಕ್ಕೆ ಹೊಣೆಗಾರರು ಬೇಕು. ತೂಬಿನ ನೀರನ್ನು ಯಾರ ಗದ್ದೆಗೆ ಎಷ್ಟು ಬಿಡಬೇಕೆಂದು ನೋಡಿಕೊಳ್ಳಲು ಊರು ನೀರುಗಂಟಿಯನ್ನು ಇಟ್ಟುಕೊಂಡಿತ್ತು, ಕಾಳು ಅಳೆದು ಕೊಡುತ್ತಿತ್ತು. ಈಗ ಕೆರೆಗೆ ಬರುವ ನೀರಿನ ಜೊತೆ ಏನು ಬರುತ್ತಿದೆ ಎಂದು ನೋಡುವವರನ್ನೂ ಪಂಚಾಯಿತಿ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು. ಕಡಲತೀರದಲ್ಲಿ 100 ಮೀಟರ್ ಗುರುತು ಮಾಡಿ, ಸಿಕ್ಕ ಕಸವನ್ನು ಬಗೆಬಗೆಯಾಗಿ ಎಣಿಸಿ ಬರೆದಿಡುವ ಪದ್ಧತಿಯಿದೆ. ಕೆರೆದಂಡೆಯಲ್ಲಿ ಶಾಲೆಯ ಮಕ್ಕಳೂ ಇದನ್ನು ಮಾಡಬಲ್ಲರು. ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಎಣಿಸಿದರೆ ಯಾವ ಸಾಮಾನು ಹೆಚ್ಚಿತು, ಯಾವ ನಿಷೇಧ ನಿಜಕ್ಕೂ ಜಾರಿಯಾಯಿತು ಎಂಬುದು ಊರಿಗೇ ತಿಳಿಯುತ್ತದೆ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಬೇಕು. ಗೋಡು ಹೊಡೆಸುವ ಪ್ರತಿ ರೈತನಿಗೂ ಅದನ್ನು ಕೇಳುವ ಹಕ್ಕಿದೆ.