ನಿನ್ನೆ ಹೋದ ಲಾರಿ ಇವತ್ತು ಸಿಕ್ಕಿಬೀಳೋದ್ಯಾಕೆ?

ಬೆಂಗಳೂರಿಂದ ಮುಡಬಿ ಕಡೆಯ ಊರಿಗೆ ಮನೆ ಸಾಮಾನು ಸಾಗಿಸ್ತಿದ್ದೀರಾ? ಲಾರಿಯಲ್ಲಿ ಬೀರು, ಅದರ ಮೇಲೆ ಮಂಚ, ಮೇಲೊಂದು ತಾಡಪಾಲು. ಹುಮನಾಬಾದ್‌ವರೆಗೆ ಹೆದ್ದಾರಿ, ಚಿಂತೆಯಿಲ್ಲ. ಆಮೇಲೆ ಹಳ್ಳಿ ದಾರಿಯಲ್ಲಿ ರೈಲ್ವೆ ಅಂಡರ್‌ಪಾಸ್ ಎದುರಾದರೆ? ನಿಮ್ಮ ಲಾರಿಯ ಎತ್ತರ ಫೋನಿನ ಮ್ಯಾಪ್‌ಗೆ ಗೊತ್ತಿಲ್ಲ. ಕಾರಿಗೆ ತೋರಿಸೋ ದಾರಿಯನ್ನೇ ಲಾರಿಗೂ ತೋರಿಸುತ್ತೆ.

ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆ ಆಗಿದ್ದು 2017ರ ಅಕ್ಟೋಬರ್‌ನಲ್ಲಿ. ಹೊಸ ಮಾರ್ಗಗಳಲ್ಲಿ ಗೇಟಿನ ಬದಲು ಸೇತುವೆ, ಅಂಡರ್‌ಪಾಸ್ ಕಟ್ಟೋದೇ ಈಗಿನ ಪದ್ಧತಿ. ಗೇಟ್ ಕಾಯೋದು ತಪ್ಪುತ್ತೆ, ಸರಿ. ಆದರೆ ಕಬ್ಬು, ಜೋಳದ ಕಣಕಿ ಮುಗಿಲೆತ್ತರ ಹೇರೋ ಸೀಮೆ ಇದು.

‘ನಿನ್ನೆ ಇದೇ ಗಾಡಿ ಹೋಗ್ಯದ, ನಡೀರಿ’ ಅನ್ನೋ ಮಾತೇ ಅಪಾಯ. ನಿನ್ನೆ ಭಾರ ತುಂಬಿತ್ತು, ಪಾಟಾ ಕುಗ್ಗಿ ಗಾಡಿ ತಗ್ಗಿತ್ತು. ಇವತ್ತು ಖಾಲಿ, ಮೇಲೆದ್ದಿದೆ! ರಸ್ತೆಗೆ ಹೊಸ ಡಾಂಬರು ಬಿದ್ದರೆ ಸೇತುವೆ ಕೆಳಗಿನ ಜಾಗ ಅಷ್ಟು ಕಡಿಮೆಯಾಗುತ್ತೆ, ಬೋರ್ಡಿನ ಅಂಕಿ ಮಾತ್ರ ಹಳೇದೇ ಇರಬಹುದು. ಉದ್ದದ ಗಾಡಿಗೆ ಇನ್ನೊಂದು ತೊಡಕು: ಇಳಿಜಾರಿಗಿಳಿದಾಗ ಮುಂದಿನ, ಹಿಂದಿನ ಗಾಲಿ ಎತ್ತರದಲ್ಲಿದ್ದು ನಡುಭಾಗ ನೆಲದಿಂದ ಮೇಲೆ ನಿಲ್ಲುತ್ತೆ. ಮೂತಿ ದಾಟಿದರೂ ಬೆನ್ನು ತಾಗುತ್ತೆ.

ಸರಕು ಲಾರಿಗೆ ಕಾನೂನಿನ ಎತ್ತರದ ಮಿತಿ 4 ಮೀಟರ್. ಮೀರಿ ಹೇರಿದರೆ ಮೋಟಾರು ವಾಹನ ಕಾಯ್ದೆಯ 194(1ಎ) ಪ್ರಕಾರ 20,000 ರೂಪಾಯಿ ದಂಡ, ಸಾಮಾನು ಇಳಿಸೋ ಖರ್ಚು ಬೇರೆ. ಆದರೆ ಮಿತಿಯೊಳಗಿದ್ದ ಮಾತ್ರಕ್ಕೆ ಎಲ್ಲ ಅಂಡರ್‌ಪಾಸ್‌ನಲ್ಲೂ ತೂರಬಹುದು ಅಂತಲ್ಲ. ಸಾಮಾನು ಹೇರಿ, ಹಗ್ಗ ಬಿಗಿದ ಮೇಲೆ ನೆಲದಿಂದ ತುತ್ತತುದಿಗೆ ಟೇಪ್ ಹಿಡಿಯಿರಿ. ಅಂಕಿಯನ್ನು ಸ್ಟೇರಿಂಗ್ ಪಕ್ಕ ಬರೆದು ಅಂಟಿಸಿ. ಡ್ರೈವರ್ ಅಣ್ಣನಿಗೆ ಲೊಕೇಶನ್ ಕಳಿಸೋ ಮೊದಲು ಊರಿನವರಿಗೊಂದು ಫೋನ್ ಮಾಡಿ, ‘ಕಬ್ಬಿನ ಲಾರಿ ಯಾವ ದಾರೀಲಿ ಬರ್ತದ?’ ಅಂತ ಕೇಳಿ. ಮ್ಯಾಪ್‌ಗಿಂತ ಅದು ವಾಸಿ.

ಸೇತುವೆಗೆ ಮುಂಚೆ ಅಡ್ಡ ನಿಲ್ಲಿಸಿದ ಕಬ್ಬಿಣದ ಕಮಾನು, ಅಂದರೆ ಹೈಟ್ ಗೇಜ್, ಇರೋದು ಪೆಟ್ಟು ತಾನು ತಿನ್ನೋದಕ್ಕೆ. ಅದನ್ನು ಬಗ್ಗಿಸಿ ನುಗ್ಗುವವರೂ ಇದ್ದಾರೆ! ಪೆಟ್ಟು ಸೇತುವೆಗೇ ಬಿದ್ದರೆ ಗರ್ಡರ್ ಸರಿದು ಮೇಲಿನ ಹಳಿ ಸೊಟ್ಟಗಾಗಬಹುದು, ಬರೋ ರೈಲಿಗೆ ಅದು ತಿಳಿಯಲ್ಲ. ಹಾಗಾಗಿ ಗಾಡಿ ತಾಗಿದರೆ ರಿವರ್ಸ್ ಹಾಕಿ ಸದ್ದಿಲ್ಲದೆ ಹೋಗಬೇಡಿ. ಇಂಡಿಕೇಟರ್ ಹಾಕಿ, ಎಲ್ಲರನ್ನೂ ಕೆಳಗಿಳಿಸಿ, ರೈಲ್ವೆಯ 139ಕ್ಕೆ, ಪೊಲೀಸರ 112ಕ್ಕೆ ಫೋನ್ ಮಾಡಿ. ಅವರು ಬಂದು ನೋಡಿದ ಮೇಲೆ ಟೈರಿನ ಗಾಳಿ ಇಳಿಸಿ ಗಾಡಿ ಹೊರಗೆಳೆಯೋದು.