ಗ್ರಂಥಸೂಚಿ ಕೈದಾಟುವ ಮುನ್ನ

ನೆಲಮಂಗಲ ತಾಲ್ಲೂಕಿನ ಮಣ್ಣೆ ಹಿಂದೆ ಗಂಗರ ಮಾನ್ಯಪುರ. ಅಲ್ಲಿನ ಶಾಸನಗಳ ಮೇಲೆ ಪ್ರಬಂಧ ಬರೆಯುವವರು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟವನ್ನು ಉಲ್ಲೇಖಿಸಲೇಬೇಕು. ಕಂಪ್ಯೂಟರಿನಲ್ಲಿ ಗ್ರಂಥಸೂಚಿ ಇಡುವ ಬಿಬ್ ಫೈಲಿನಲ್ಲಿ ಅದು ನಾಲ್ಕು ಸಾಲು: ಸಂಪಾದಕರು, ಶೀರ್ಷಿಕೆ, ಸಂಪುಟ, 1905. ಅದರ ಕೆಳಗೇ ಸಂಶೋಧಕರು ತಮಗೆಂದು ಬರೆದಿಟ್ಟುಕೊಂಡದ್ದೂ ಇರಬಹುದು: ‘ಗೈಡ್ ಹೇಳುವ ಪಾಠ ಒಪ್ಪುವಂತಿಲ್ಲ’, ಶಾಸನದ ಕಲ್ಲಿರುವ ತೋಟದವರ ಫೋನ್ ನಂಬರು, ಪಿಡಿಎಫ್ ಇರುವ ಫೋಲ್ಡರಿನ ಜಾಡು. ಆ ಜಾಡಿನಲ್ಲಿ ಕಂಪ್ಯೂಟರ್ ಬಳಸುವವರ ಹೆಸರೂ ಸೇರಿರುವುದುಂಟು.

ಲೆಸ್ಲಿ ಲ್ಯಾಂಪೋರ್ಟ್ ಅವರ ಅಕ್ಷರಜೋಡಣೆಯ ತಂತ್ರಾಂಶ ಲೇಟೆಕ್ ಜೊತೆ ಗ್ರಂಥಸೂಚಿಯ ಕೆಲಸಕ್ಕೆಂದು ಓರನ್ ಪಟಾಶ್ನಿಕ್ 1985ರಲ್ಲಿ ಬಿಬ್‌ಟೆಕ್ ಬರೆದರು. ನಮೂದಿನಲ್ಲಿ ಗೊತ್ತಿಲ್ಲದ ಫೀಲ್ಡ್, ಅಂದರೆ ಮಾಹಿತಿಯ ಅಂಕಣ, ಎದುರಾದರೆ ಅದು ತಕರಾರು ತೆಗೆಯದೆ ಮುಂದೆ ಹೋಗುತ್ತದೆ. ಅಚ್ಚಾಗದ ಮಾಹಿತಿಯನ್ನೂ ಅಲ್ಲೇ ಇಟ್ಟುಕೊಳ್ಳಿ ಎಂದು 1988ರ ಕೈಪಿಡಿಯಲ್ಲಿ ಅವರೇ ಸಲಹೆ ಕೊಟ್ಟಿದ್ದರು. ಫೈಲು ಬರೆದವರ ಬಳಿಯೇ ಉಳಿಯುತ್ತಿದ್ದ ಕಾಲಕ್ಕೆ ಅದು ಒಳ್ಳೆಯ ಸಲಹೆಯೇ. ಮುಂದೆ ಜಬ್‌ರೆಫ್, ಜೊಟೆರೊದಂಥ ತಂತ್ರಾಂಶಗಳು ಇಂಥ ಫೀಲ್ಡುಗಳನ್ನು ತಾವೇ ತುಂಬತೊಡಗಿದವು. ಪ್ರಬಂಧದ ಮೂಲ ಫೈಲುಗಳನ್ನೂ ಇಳಿಸಿಕೊಳ್ಳಲು ಬಿಡುವ ಆರ್ಕೈವ್, 2008ರ ಗಿಟ್‌ಹಬ್ ಬಂದವು. ಅಚ್ಚಿನಲ್ಲಿ ಕಾಣದ್ದೆಲ್ಲ ಬಿಬ್ ಫೈಲಿನೊಂದಿಗೆ ಊರಾಚೆ ಹೊರಟಿತು.

ಫೈಲು ಕಳಿಸುವ ಮುನ್ನ ಇಂಥ ಫೀಲ್ಡುಗಳನ್ನು ತೆಗೆಯಲು ಕಮಾಂಡ್ ಲೈನಿನ ಒಂದು ಸ್ಕ್ರಿಪ್ಟ್ ಬೇಕಾಗುತ್ತದೆ. ಟಿಪ್ಪಣಿಯ ಫೀಲ್ಡಾದ ‘ಆನೋಟ್’ ಎಂದು ಶುರುವಾಗುವ ಸಾಲನ್ನು ಅಳಿಸಿದರೆ ಸಾಕೆಂದು ಮೊದಲಿಗೆ ಅನ್ನಿಸುತ್ತದೆ. ಆದರೆ ಟಿಪ್ಪಣಿ ಐದಾರು ಸಾಲಿಗೆ ಹರಡಿದ್ದರೆ ಮೊದಲ ಸಾಲು ಮಾತ್ರ ಹೋಗಿ ಫೋನ್ ನಂಬರು ಅಲ್ಲೇ ಉಳಿಯುತ್ತದೆ. ಟಿಪ್ಪಣಿಯನ್ನು ಸುತ್ತುವರಿದ ಪುಷ್ಪಾವರಣಗಳಲ್ಲಿ ತೆರೆಯುವುದು ಹೋಗಿ ಮುಚ್ಚುವುದು ಉಳಿದು ಇಡೀ ನಮೂದೇ ಕೆಡುತ್ತದೆ. ಆದ್ದರಿಂದ ಸ್ಕ್ರಿಪ್ಟ್ ಸಾಲು ನೋಡುವಂತಿಲ್ಲ, ತೆರೆದ ಆವರಣಕ್ಕೆ ಮುಚ್ಚುವ ಆವರಣ ಸಿಗುವವರೆಗೆ ಎಣಿಸಿಕೊಂಡು ಹೋಗಬೇಕು. ಗೆರ್ಡ್ ನಾಯ್ಗೆಬೌವರ್ ಅವರ ಬಿಬ್‌ಟೂಲ್, ಬೈಬರ್‌ನ ಟೂಲ್ ಮೋಡ್ ಎರಡಕ್ಕೂ ಇದು ಗೊತ್ತು. ಯಾವ ಫೀಲ್ಡ್ ಬೇಡವೆಂದು ಹೇಳಿದರೆ ಅದನ್ನಷ್ಟೇ ತೆಗೆಯುತ್ತವೆ.

ನನ್ನ ಮಟ್ಟಿಗೆ ಬೇಡದ್ದರ ಪಟ್ಟಿ ಸಾಲದು. ನಾಳೆ ಇನ್ನೊಂದು ತಂತ್ರಾಂಶ ಇನ್ನೊಂದು ಫೀಲ್ಡ್ ಸೇರಿಸಿದರೆ ಅದು ಪಟ್ಟಿಯ ಕಣ್ಣು ತಪ್ಪಿಸುತ್ತದೆ. ಲೇಖಕ, ಸಂಪಾದಕ, ಶೀರ್ಷಿಕೆ, ಸಂಪುಟ, ಪ್ರಕಾಶಕರು, ವರ್ಷ, ಪುಟ ಎಂದು ಉಳಿಸಬೇಕಾದ್ದನ್ನು ಹೆಸರಿಸಿ, ಮಿಕ್ಕಿದ್ದನ್ನು ಬಿಡುವ ಸ್ಕ್ರಿಪ್ಟೇ ಸರಿ. ತೋಟದವರು ನಂಬರು ಕೊಟ್ಟದ್ದು ನಂಬಿಕೆಯ ಮೇಲೆ.

ಮೂಲ ಫೈಲನ್ನು ಮುಟ್ಟಬೇಡಿ. ಶುದ್ಧ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ, ಅದನ್ನೇ ಕಳಿಸಿ. ‘ನೋಟ್’ ಫೀಲ್ಡ್ ಅಚ್ಚಿಗೂ ಹೋಗುವುದರಿಂದ ಸ್ಕ್ರಿಪ್ಟ್ ಅದನ್ನು ಉಳಿಸಬೇಕಾಗುತ್ತದೆ. ಅದನ್ನು ಮಾತ್ರ ನೀವೇ ಕೂತು ಓದಿ.